ಮನೆ ಯಾರ ಹೆಸರಿನಲ್ಲಿದೆ

ಕೋವಿಡ್ ಬಂದು ಚೀನಾ ಪ್ರಯಾಣ ನಿಂತ ಮೇಲೆ ಸಿದ್ದೇಶ್ವರಿಯ ಸಂದರ್ಶನಗಳೆಲ್ಲ ಜೂಮ್‌ನಲ್ಲೇ ನಡೆಯುತ್ತಿದ್ದವು. ಚೆಂಗ್ಡು ನಗರದ ದುಡಿಯುವ ಹೆಂಗಸರ ಸ್ಥಿತಿಗತಿ, ಅಟ್ಲಾಂಟಾದ ವಿಶ್ವವಿದ್ಯಾಲಯದಲ್ಲಿ ಅವಳ ಪಿಎಚ್‌ಡಿ ವಿಷಯ. ಮದುವೆಗೆ ಮುಂಚೆ ಎರಡು ವರ್ಷ ಚೆಂಗ್ಡುವಿನಲ್ಲಿದ್ದು ಚೀನೀ ಭಾಷೆ ಕಲಿತವಳು.

ಅವತ್ತು ಬೆಳಿಗ್ಗೆ ಪರದೆಯ ಮೇಲೆ ಝೌ ಮೇ ಇದ್ದಳು. ನಲವತ್ತೊಂದು ವರ್ಷದವಳು, ಬಟ್ಟೆ ಅಂಗಡಿಯ ಕೆಲಸ.

"ಕೆಲಸ ಕೇಳಲು ಹೋದರೆ ಮೊದಲ ಪ್ರಶ್ನೆ, ಮಗು ಯಾವಾಗ ಅಂತ," ಎಂದಳು ಝೌ ಮೇ. "ಹನ್ನೊಂದು ವರ್ಷ ಮನೆಯ ಕಂತಿಗೆ ನನ್ನ ಸಂಬಳ ಹೋಯಿತು. ಮನೆಪತ್ರದಲ್ಲಿದ್ದದ್ದು ಗಂಡನ ಹೆಸರು. ವಿಚ್ಛೇದನದ ದಿನ ಕೋರ್ಟು ಪತ್ರ ನೋಡಿತು, ನನ್ನನ್ನು ನೋಡಲಿಲ್ಲ. ಏನೋ ಒಂದಿಷ್ಟು ಕೊಟ್ಟು ಕಳಿಸಿದರು."

ಸಿದ್ದೇಶ್ವರಿ ಬರೆದುಕೊಳ್ಳುತ್ತಿದ್ದಂತೆ ಝೌ ಮೇ ತಟಕ್ಕನೆ ಕೇಳಿದಳು: "ನೀನಿರುವ ಮನೆ ಯಾರ ಹೆಸರಿನಲ್ಲಿದೆ?"

"ಇಬ್ಬರದೂ," ಎಂದುಬಿಟ್ಟಳು ಸಿದ್ದೇಶ್ವರಿ.

ಹಸಿ ಸುಳ್ಳು. ಅಟ್ಲಾಂಟಾದ ಹೊರವಲಯದ ನಾರ್‌ಕ್ರಾಸಿನ ಆ ಮನೆ ಗಂಡ ಬಸವಕುಮಾರನೊಬ್ಬನ ಹೆಸರಿನಲ್ಲಿತ್ತು. ಆರು ವರ್ಷದ ಹಿಂದೆ ಕೊಳ್ಳುವಾಗ ಕಟ್ಟಿದ ಮುಂಗಡದಲ್ಲಿ ಅರ್ಧ, ತುಮಕೂರಿನಲ್ಲಿ ಶಿಕ್ಷಕಿಯಾಗಿದ್ದ ಅವಳ ಅಮ್ಮ ಶಿವಬಸಮ್ಮನ ನಿವೃತ್ತಿಯ ಹಣ. "ನಿಂಗೆ ಇಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲ, ಹೆಸರು ಹಾಕಿದ್ರೆ ಲೋನ್ ಸಿಗಲ್ಲ. ಆಮೇಲೆ ಆಡ್ ಮಾಡೋಣ," ಎಂದಿದ್ದ ಬಸವಕುಮಾರ. ಆ 'ಆಮೇಲೆ' ಬರಲೇ ಇಲ್ಲ. ಬೇರೆಯವರ ಮನೆಪತ್ರದ ಬಗ್ಗೆ ಇನ್ನೂರು ಪುಟ ಬರೆದವಳು ತನ್ನದನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ತನ್ನ ಮೇಲೆಯೇ ಸಿಟ್ಟು ಬಂತು.

ಮಧ್ಯಾಹ್ನ ಮನೆ ಕೊಂಡಾಗಿನ ಫೈಲು ಹುಡುಕಿದಳು. ಅದರಲ್ಲಿ ವಕೀಲರ ಕಚೇರಿಯ ಕಾಗದವೊಂದಿತ್ತು: ಸಾಲ ನಿಮ್ಮೊಬ್ಬರದೇ ಆದರೂ ಪತ್ರಕ್ಕೆ ಹೆಂಡತಿಯ ಹೆಸರು ಸೇರಿಸಬಹುದು, ಸೇರಿಸಬೇಕೇ? 'ಬೇಡ' ಎಂಬಲ್ಲಿ ಗುರುತು. ಕೆಳಗೆ ಬಸವಕುಮಾರನ ಸಹಿ. ಆ ಹೊತ್ತಿಗೆ ಅವಳು ಅದೇ ಕಚೇರಿಯ ಹೊರಗೆ, ಅಳುವ ಮಗಳನ್ನು ಎತ್ತಿಕೊಂಡು ಅತ್ತಿತ್ತ ಓಡಾಡುತ್ತಿದ್ದಳು.

ಸಂಜೆ ಅವನು ಶೂ ಬಿಚ್ಚುವ ಮುನ್ನವೇ ಕಾಗದ ಮುಂದೆ ಹಿಡಿದಳು.

"ಇದೇನ್ರೀ?"

ಅವನು ಓದಿದ. ಕಿವಿ ಕೆಂಪಾಯಿತು. "ಅಪ್ಪ ಫೋನಲ್ಲಿ ಹೇಳಿದ್ರು, ಸದ್ಯಕ್ಕೆ ಒಂದೇ ಹೆಸರಿರ್ಲಿ ಅಂತ."

"ನಮ್ಮಮ್ಮನ ದುಡ್ಡು ತಗೊಳ್ಳುವಾಗ ನಿಮ್ಮಪ್ಪನ್ನ ಕೇಳಿದ್ರಾ?"

"ನಿಂದು ನಂದು ಅಂತ ಯಾಕೆ ಡಿವೈಡ್ ಮಾಡ್ತೀಯಾ? ಚೈನಾದವ್ರ ಕತೆ ತಂದು ನಮ್ಮನೇಲಿ ಹಾಕ್ಬೇಡ ಸಿದ್ದು."

"ಡಿವೈಡ್ ಮಾಡಿದ್ದು ನಾನಲ್ಲ, ಈ ಸಹಿ. ಲೋನ್ ಸಿಗಲ್ಲ ಅಂತ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ರಲ್ಲ, ನಾಚಿಕೆ ಆಗ್ಲಿಲ್ವಾ?"

ಅವನು ಮೆಟ್ಟಿಲು ಹತ್ತಿ ಹೋದ. ಮುಂದಿನ ಹತ್ತು ದಿನದಲ್ಲಿ ಸಿದ್ದೇಶ್ವರಿ ತಾನೇ ವಕೀಲರನ್ನು ಹುಡುಕಿ ಇಬ್ಬರ ಹೆಸರಿನಲ್ಲೂ ಹೊಸ ಪತ್ರ ಬರೆಸಿದಳು. "ಸಹಿ ಮಾಡದಿದ್ರೆ ಮಗಳನ್ನ ಕರ್ಕೊಂಡು ಬೇರೆ ಅಪಾರ್ಟ್‌ಮೆಂಟ್ ನೋಡ್ತೀನಿ," ಎಂದಳು. ಬೆದರಿಕೆಯಲ್ಲ, ಬಾಡಿಗೆ ವಿಚಾರಿಸಿ ಬಂದಿದ್ದಳು. ಅದು ಅವನಿಗೂ ಗೊತ್ತಾಯಿತು.

ಹನ್ನೊಂದನೆಯ ದಿನ ಅವನು ಸಹಿ ಹಾಕಿದ, ಕೌಂಟಿ ಕಚೇರಿಯಲ್ಲಿ ಪತ್ರ ನೋಂದಣಿಯಾಯಿತು. ಹೊರಬಂದು ಕಾರು ಹತ್ತುವಾಗ ಬಸವಕುಮಾರ ಅರೆನಗುತ್ತ, "ಈಗಾದ್ರೂ ಸಮಾಧಾನ ಆಯ್ತಾ?" ಎಂದ.

ಸಿದ್ದೇಶ್ವರಿ ಬೆಲ್ಟು ಹಾಕಿಕೊಂಡಳು. "ಲೋನ್ ಸಿಗಲ್ಲ ಅಂದ್ರಲ್ಲ, ಆ ಸುಳ್ಳನ್ನ ಯಾವ ಆಫೀಸಲ್ಲಿ ಸರಿ ಮಾಡಿಸ್ತೀರಿ?"