ಇಪ್ಪತ್ತನೆಯ ಬಟನ್

"ಬೇಡ ಮಾವ," ಎಂದು ಮಗಳು ಬಡಗಿಯ ಮುಷ್ಟಿಯನ್ನು ಬಾಟಲಿಯ ಬಾಯಿಯ ಮೇಲೆಯೇ ತಡೆದು ಹಿಡಿದಳು. ಮುಷ್ಟಿ ತುಂಬ ಅಂಗಿಯ ಬಟನ್‌ಗಳಿದ್ದವು. "ಒಂದೇ ಒಂದು ಸುಳ್ಳು ಬಟನ್ ಹಾಕಿದ್ರೂ ಅಮ್ಮ ಎದ್ದು ಕೂತು ಬೈತಾಳೆ."

"ಎದ್ದು ಕೂತರೆ ಒಳ್ಳೇದೇ ಆಯ್ತಲ್ಲಮ್ಮ," ಎಂದುಬಿಟ್ಟ ಕೆಳಮನೆಯ ಬಡಗಿ, ನಾಲಿಗೆ ಕಚ್ಚಿಕೊಂಡ.

ಒಳಕೋಣೆಯಲ್ಲಿ ಅವಳ ಅಮ್ಮ ಬಟನಜ್ಜಿಯ ಹೆಣವಿತ್ತು. ಅಂಗಿಗಳಿಗೆ ಬಟನ್ ಹೊಲಿದೇ ಜೀವ ಸವೆಸಿದವಳು. ಬಡವರಿಗೆಂದು ಸರ್ಕಾರ ಕಟ್ಟಿಸಿದ್ದ ಆ ಐದು ಮಹಡಿಯ ಕಟ್ಟಡದಲ್ಲಿ ಗೋಡೆಗೆಲ್ಲ ತೇವ, ಹಾಸಿಗೆಯ ತನಕ ಬೂಷ್ಟು, ಮನೆಮನೆಯಲ್ಲೂ ಕೆಮ್ಮು. ವಸತಿ ಆಫೀಸಿನವರು "ದಾಖಲೆ ಎಲ್ಲಿ?" ಎಂದಾಗ ಟೊಂಕ ಕಟ್ಟಿ ನಿಂತವಳು ಅಜ್ಜಿಯೇ. ಮನೆಗೊಂದು ಬಾಟಲಿ ಹಂಚಿದಳು. ರಾತ್ರಿ ಯಾರಾದರೂ ಕೆಮ್ಮಿ ನಿದ್ದೆಗೆಟ್ಟರೆ ಬೆಳಿಗ್ಗೆ ಅದರೊಳಗೊಂದು ಬಟನ್. ತಿಂಗಳಿಗೆ ಇಪ್ಪತ್ತಾದರೆ ಅದು ಕಾಯಿಲೆಯ ಮನೆ. ಅಂಥ ನಲವತ್ತು ಮನೆ ತೋರಿಸಿದರೆ ಗೋಡೆ, ಪೈಪು ಎಲ್ಲ ಹೊಸದು ಮಾಡಿಸುತ್ತೇವೆಂದು ಆಫೀಸು ಒಪ್ಪಿತ್ತು. ಇವತ್ತು ಮೂರು ಗಂಟೆಗೆ ಗಡುವು. ಆಗಿದ್ದದ್ದು ಮೂವತ್ತೊಂಬತ್ತು. ಅಜ್ಜಿಯ ಸ್ವಂತ ಬಾಟಲಿಯಲ್ಲಿ ಒಂದು ಬಟನ್ ಕೂಡ ಇರಲಿಲ್ಲ.

"ಸುಳ್ಳು ಹೇಗಾಗತ್ತೆ? ಅಕ್ಕ ಕೆಮ್ಮೋದು ಕೆಳಗೆ ನಮ್ಮನೆಗೂ ಕೇಳ್ತಿತ್ತು," ಎಂದ ಬಡಗಿ. "ನಿನಗೆ ಕೇಳ್ಲಿಲ್ವಾ?"

ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದುವವಳಿಗೆ ಏನು ಕೇಳೀತು?

*

ಹಿಂದಿನ ತಿಂಗಳು ನೆಲಮಹಡಿಯ ಹೆಂಗಸೊಬ್ಬಳು ಮೂರು ಬಟನ್ ಹೆಚ್ಚಿಗೆ ಹಾಕಿ ಸಿಕ್ಕಿಬಿದ್ದಿದ್ದಳು. ಅಮ್ಮ ಅವಳ ಕೈಯಿಂದಲೇ ತೆಗೆಸಿದಳು. "ಒಂದು ಸುಳ್ಳು ಸಿಕ್ಕರೆ ಸಾಕು, ಮಿಕ್ಕಿದ್ದೆಲ್ಲ ಕಸದ ಬುಟ್ಟಿಗೆ!" ಎಂದು ಗದರಿ ಮೆಟ್ಟಿಲು ಹತ್ತತೊಡಗಿದವಳಿಗೆ ಎರಡನೇ ಮಹಡಿಯಲ್ಲೇ ಉಸಿರು ಸಿಕ್ಕಿಕೊಂಡಿತು.

"ನಮ್ಮ ಬಾಟಲಿಗೆ ಯಾವಾಗಮ್ಮ ಹಾಕೋದು?" ಎಂದಳು ಜೊತೆಗೆ ಹತ್ತುತ್ತಿದ್ದ ಮಗಳು.

"ಎಣಿಸೋಳೇ ಕೆಮ್ತಾಳೆ ಅಂದ್ರೆ ಆಫೀಸಿನವರು ನಂಬ್ತಾರಾ? ನಂದು ಕೆಮ್ಮಲ್ಲ ಕಣೇ, ಗಂಟಲು ಸರಿಮಾಡ್ಕೊಳ್ಳೋದು. ನೀನು ಕೆಲಸ ಬಿಟ್ಟು ನನ್ನ ಕಾಯ್ತಾ ಕೂರೋದೇನೂ ಬೇಡ."

ಆ ಮಾತನ್ನು ಮಗಳು ನಂಬಿದ್ದಳು. ನಂಬುವುದು ಅವಳಿಗೂ ಅನುಕೂಲವಾಗಿತ್ತು.

*

"ಅಯ್ಯೋ!" ಹೆಣಕ್ಕೆ ಬಟ್ಟೆ ತೊಡಿಸುತ್ತಿದ್ದ ಚಿಕ್ಕಮ್ಮ ಒಳಗಿನಿಂದ ಕೂಗಿಕೊಂಡಳು. ನೀಲಿ ಸ್ವೆಟರಿನೊಳಗಿದ್ದ ಸೂಜಿ ಬೆರಳಿಗೆ ಚುಚ್ಚಿತ್ತು.

ನಿನ್ನೆ ಬೆಳಿಗ್ಗೆ ಮಗಳು ಕೆಲಸ ಮುಗಿಸಿ ಬಂದಾಗ ಅಮ್ಮ ಆ ಸ್ವೆಟರನ್ನೇ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿದ್ದಳು. ಹೊಲಿಯುತ್ತ ನಿದ್ದೆ ಹೋಗಿದ್ದಾಳೆಂದುಕೊಂಡು ಹೊದಿಕೆ ಹೊದಿಸಿದ್ದಳು ಮಗಳು.

ಈಗ ಸ್ವೆಟರನ್ನು ತಿರುಗಿಸಿ ನೋಡಿದಳು. ಒಳಮೈಯಲ್ಲಿ ಸಾಲಾಗಿ ಬಟನ್‌ಗಳು. ಒಂದೊಂದರ ಪಕ್ಕದಲ್ಲೂ ದಾರದಲ್ಲೇ ಹೊಲಿದ ತಾರೀಕು, ಎಲ್ಲ ಇದೇ ತಿಂಗಳವು. ಹತ್ತೊಂಬತ್ತು ಗಟ್ಟಿಯಾಗಿ ಕೂತಿದ್ದವು. ನಿನ್ನೆಯ ತಾರೀಕಿನ ಪಕ್ಕದ್ದು ಮಾತ್ರ ಸೂಜಿಯ ದಾರಕ್ಕೆ ಜೋತಾಡುತ್ತಿತ್ತು.

ಮಗಳಿಗೆ ಅಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟೆಲ್ಲ ಬರೆದಿಟ್ಟೆಯಲ್ಲ, ನನಗೊಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ!" ಎಂದು ಹೆಣದ ಭುಜ ಹಿಡಿದು ಅಲುಗಾಡಿಸಿಬಿಟ್ಟಳು. ಚಿಕ್ಕಮ್ಮ ಅವಳನ್ನು ಬಿಡಿಸಿ ತಬ್ಬಿ ಹಿಡಿದಳು.

"ಗಾಡಿ ಬಂತು," ಎಂದ ಬಡಗಿ ಬಾಗಿಲಲ್ಲಿ ನಿಂತು. "ಎರಡೂವರೆಗೆ ಮಣ್ಣು ಮಾಡೋದು. ಆಫೀಸು ಊರಿನ ಆ ತುದಿ. ಸ್ವೆಟರ್ ಕೊಡಮ್ಮ, ನಾನು ಓಡ್ತೀನಿ."

"ಮನೆಯವರೇ ಸಹಿ ಹಾಕ್ಬೇಕು ಮಾವ." ಮಗಳು ಅಮ್ಮನ ಬರಿದೋಳುಗಳ ಮೇಲೆ ತನ್ನ ಶಾಲು ಹೊದಿಸಿದಳು. "ನನ್ನ ಪಾಲಿನ ಮಣ್ಣು ನೀವೇ ಹಾಕಿಬಿಡಿ."

ಲಿಫ್ಟು ಕೆಟ್ಟು ವರ್ಷವಾಗಿತ್ತು. ಹೆಣ ಹೊತ್ತವರು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ, ಮಗಳು ಗೋಡೆಗೆ ಒರಗಿಕೊಂಡೇ ಅವರನ್ನು ದಾಟಿ ಮುಂದೆ ಓಡಿದಳು. ಬೆನ್ನೆಲ್ಲ ಒದ್ದೆಯಾಯಿತು.

*

"ಬಾಟಲಿ ಎಲ್ಲಮ್ಮ?" ಎಂದ ಗುಮಾಸ್ತ.

ಅವಳು ಸ್ವೆಟರನ್ನು ಮೇಜಿನ ಮೇಲೆ ಹರವಿದಳು. ಗುಮಾಸ್ತ ಕನ್ನಡಕ ಏರಿಸಿ, ತಾರೀಕು ಓದಿ ಓದಿ, ಪೆನ್ನಿನ ತುದಿಯಿಂದ ಎಣಿಸತೊಡಗಿದ. ಗೋಡೆಯ ಗಡಿಯಾರದಲ್ಲಿ ಎರಡು ಐವತ್ತು. ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದುಕೊಂಡಳು.

"ಹತ್ತೊಂಬತ್ತು. ಇದು ಹೊಲಿದೇ ಇಲ್ವಲ್ಲ," ಪೆನ್ನು ನಿಂತಿತು. "ಯಾಕೆ ಅರ್ಧಕ್ಕೆ ಬಿಟ್ರು?"

ಮಗಳು ಜೋತಾಡುತ್ತಿದ್ದ ಸೂಜಿಯನ್ನು ಹಿಡಿದು, ಬಟನ್ನನ್ನು ಅದರ ತಾರೀಕಿನ ಪಕ್ಕದಲ್ಲಿ ಒತ್ತಿ, ನಾಲ್ಕು ಸಲ ಚುಚ್ಚಿ ಎಳೆದಳು. ಅಮ್ಮನ ಹಾಗೆಯೇ ಬಗ್ಗಿ ಹಲ್ಲಿನಿಂದ ದಾರ ಕಡಿದಳು. ಆಮೇಲೆ ಸ್ವೆಟರನ್ನು ಮತ್ತೆ ಗುಮಾಸ್ತನ ಮುಂದೆ ಸರಿಸಿದಳು.