ಗದ್ದಲದೊಳಗಿನ ಉತ್ತರ

ಕಿಟಕಿಯಾಚೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಲೇ ಇದ್ದಾರೆ, ಹತ್ತಲೊಲ್ಲದು, ಸಪ್ತಾಪುರದ ಈ ಓಣಿಯಲ್ಲಿ ಬೆಳಗೆಲ್ಲ ಇದೇ ಸಪ್ಪಳ, ನಿರುಪಮಾ ಪರದೆಯತ್ತ ನೋಡಿದಳು — ಮತ್ತೆ ತಪ್ಪು. ಎಲ್ಲೋ ದೂರದೇಶದಲ್ಲಿ ಕೊರೆಯುವ ಚಳಿಯಲ್ಲಿ ಕೂತ ಕ್ವಾಂಟಮ್ ಕಂಪ್ಯೂಟರು ಕಳಿಸಿದ ಉತ್ತರ, ಅದರ ಹೊಟ್ಟೆಯೊಳಗೆಲ್ಲ ಗದ್ದಲ, ಸಣ್ಣ ಅಲುಗಾಟಕ್ಕೂ ಲೆಕ್ಕ ತಪ್ಪುತ್ತದೆ, ಅದು ಹೇಳಿದ್ದು ಖರೆಯೋ ಸುಳ್ಳೋ ಲೆಕ್ಕ ಮಾಡಿ ನೋಡುವ ಮನುಷ್ಯ ಇನ್ನೂ ಹುಟ್ಟಿಲ್ಲ, ಅದಕ್ಕೇ ಅವಳ ಉಪಾಯ, ದೊಡ್ಡ ಪ್ರಶ್ನೆಗಳ ನಡುವೆ ಉತ್ತರ ಗೊತ್ತಿರುವ ಸಣ್ಣ ಪ್ರಶ್ನೆ ಬಚ್ಚಿಡುವುದು, ಅದರಲ್ಲಿ ಎಡವಿತೋ, ಆ ಸುತ್ತಿನ ಉತ್ತರವೆಲ್ಲ ಕಸದ ಬುಟ್ಟಿಗೆ. ಬಲ್ಲವರು ಮೆಚ್ಚಿ ತಲೆದೂಗಿದ್ದರು, ಅವಳೂ ಬೀಗಿದ್ದಳು, ಬೀಗಿ ಅದನ್ನು ಮನೆಗೂ ತಂದಳು, ಅವ್ವನ ಮೇಲೆ — ಬಳೆ ಮೇಲೆ ಸರಿಸಿಕೊಂಡ ಆ ಕೈ — ಬೇಡ, ಈಗ ಬೇಡ. ಅವ್ವ ಅಂಬಾಬಾಯಿಗೆ ಮರೆವು ಹತ್ತಿದ ಮೇಲೆ ಯಾವ ಮಾತು ನಂಬುವುದು, ಯಾವುದು ಬಿಡುವುದು, ಕೆಲಸದ ಯಂಕವ್ವ ಸರ ಕದ್ದಳೆಂದು ರಂಪ ಮಾಡಿದ್ದಳಲ್ಲ, ಸರ ಅವ್ವನ ಕೊರಳಲ್ಲೇ ಇತ್ತು, ಅಂದಿನಿಂದ ಮಾತಿನ ನಡುವೆ ಮೆಲ್ಲಗೆ ಒಂದೊಂದು ಅಂಥ ಪ್ರಶ್ನೆ, ಅವ್ವಾ ನಾಷ್ಟಾಕ್ಕ ಏನ್ ತಿಂದಿ, ಇವತ್ತ ಯಾವ ವಾರ. ಅವ್ವನೇನು ದಡ್ಡಿಯೇ, ನನ್ನ ಪರೀಕ್ಷಾ ತಗೋತೀ ಏನ ನಿರೂ, ನಾ ನಿನಗ ಮಗ್ಗಿ ಕಲಿಸಿದಾಕಿ ಎಂದು ನಕ್ಕಿದ್ದಳು, ಆ ನಗು ಆಗಲೇ ಚುಚ್ಚಬೇಕಿತ್ತು, ಚುಚ್ಚಲಿಲ್ಲ.

ಆ ದಿನ ಬಾಗಿಲ ಹತ್ತಿರದ ಕುರ್ಚಿ, ಅವ್ವ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಎಡಗೈ ತಿಕ್ಕುತ್ತ ಕೂತಿದ್ದಾಳೆ, ನಿರೂ, ಕೈ ಯಾಕೋ ಜಡಾ ಆಗೇದ ನೋಡವಾ. ನಿರುಪಮಾ ಚಪ್ಪಲಿ ಮೆಟ್ಟಿ ಆಗಿತ್ತು, ಹುಬ್ಬಳ್ಳಿಯಲ್ಲಿ ಉಪನ್ಯಾಸ, ಬಸ್ಸಿನ ಗಡಿಬಿಡಿ, ಕೈ ನೋಡಬೇಕಿತ್ತು, ಪ್ರಶ್ನೆ ಕೇಳಿದಳು — ಅವ್ವಾ, ಅಪ್ಪ ಎಲ್ಲಿದ್ದಾರ? ಕಮರಿಪೇಟಿಗೆ ಹೋಗ್ಯಾರಲ್ಲ, ಬರೂ ಹೊತ್ತಾತು. ಅಪ್ಪ ತೀರಿ ಎಷ್ಟೋ ವರ್ಷ, ಉತ್ತರ ತಪ್ಪು, ಸುತ್ತು ರದ್ದು, ಕೈಯ ಮಾತೂ ರದ್ದು. ಆತು ಮಲ್ಕೋ, ಲಗೂ ಬರ್ತೀನಿ. ಬಂದಾಗ ಓಣಿಯವರೆಲ್ಲ ಅಂಗಳದಲ್ಲಿ, ಎದುರುಮನೆಯ ಯಶೋಧರಾ ಅವಳ ಹೆಗಲು ಹಿಡಿದು, ಹಾರ್ಟ್ ಅಟ್ಯಾಕಿಗೆ ಹೋದ್ರು ಅಂದ್ರು ಡಾಕ್ಟರು, ಮಿಂಚಿದ್ದಕ್ಕ ಚಿಂತಿಸಿ ಫಲ ಇಲ್ರಿ. ಇಲ್ಲ, ಫಲ ಇಲ್ಲ, ಮನಸ್ಸು ಕೇಳಬೇಕಲ್ಲ, ಅಪ್ಪ ಬರುತ್ತಾರೆಂಬುದು ಸುಳ್ಳಿತ್ತು, ಎಡಗೈ ಜಡವಾದದ್ದು ಖರೆ ಇತ್ತು, ಹಾರ್ಟಿನದೇ ಮುನ್ಸೂಚನೆ, ಒಂದೇ ಬಾಯಿಂದ ಎರಡೂ ಬಂದಿದ್ದವು, ಜಳ್ಳಿನ ಜೊತೆ ಕಾಳನ್ನೂ ತೂರಿಬಿಟ್ಟಳು, ಪಾಪಿ.

ಮೇಡಮ್, ಈ ಸುತ್ತೂ ತಪ್ಪದ, ತಗದ ಹಾಕ್ಲೇನ್ರಿ, ಅವಳ ಕೈಕೆಳಗೆ ಸಂಶೋಧನೆ ಮಾಡುವ ಚಿನ್ಮಯೀ ಕೇಳುತ್ತಿದ್ದಾಳೆ, ಅದೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ತೆಗೆ ಅನ್ನಬೇಕು, ನಿಯಮ ಅವಳದೇ, ಹೊರಗೆ ಸ್ಕೂಟರು ಹತ್ತಿ ಹೋಗೇಬಿಟ್ಟಿತು, ಮೇಡಮ್, ತಗೀಲೇನ್ರಿ, ತಡಿ ಅಂದಳು, ಪರದೆಯತ್ತ ಬಾಗಿದಳು — ಮೇಲೆ ಸರಿಸಿದ ಬಳೆ, ನೋಡವಾ ಎಂದು ಮುಂದೆ ಚಾಚಿದ ಎಡಗೈ, ಅವಳು ಮುಟ್ಟದೆ ಹೋದ ಕೈ