ಆಂಜಿನಮ್ಮನ ಕಂಕುಳಲ್ಲಿ ಹುಂಜ

ಆ ದಿನಗಳಲ್ಲಿ ಆಂಜಿನಮ್ಮ ತನ್ನ ಹಿತ್ತಿಲಿನಲ್ಲಿ ನೇರವಾಗಿ ನಡೆದದ್ದನ್ನು ನಾನು ಕಂಡಿಲ್ಲ. ಕಸ ಗುಡಿಸುವಾಗ, ಹಸುವಿಗೆ ಹುಲ್ಲು ಹಾಕುವಾಗ, ಸೌದೆ ಹೊತ್ತು ತರುವಾಗ, ಒಂದು ಕಣ್ಣನ್ನು ಕೆಲಸದ ಮೇಲೂ ಇನ್ನೊಂದನ್ನು ಮೊಳಕಾಲೆತ್ತರದಲ್ಲಿ ಎಲ್ಲೋ ಒಂದು ಕಡೆಗೂ ಇಟ್ಟುಕೊಂಡು, ಆಕೆ ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ಸರಿಯುತ್ತಿದ್ದಳು. ಹೊಸಬರು ನೋಡಿದರೆ ಸೊಂಟ ಹಿಡಿದುಕೊಂಡಿದೆ ಎಂದುಕೊಳ್ಳಬೇಕು. ಡೈರಿಗೆ ಹಾಲು ಹಾಕಲು ಹೋದಾಗಲೂ ಸಾಲಿನಲ್ಲಿ ನಿಲ್ಲದೆ ಗೋಡೆ ಹುಡುಕುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಮೀನಖಂಡಕ್ಕೆ ಸುತ್ತಿದ ಗೋಣಿಪಟ್ಟಿ, ಎಡಗೈಯಲ್ಲಿ ಗುರಾಣಿಯ ಹಾಗೆ ಹಿಡಿದ ಮೊರ. ಇಷ್ಟೆಲ್ಲ ಸಿದ್ಧತೆ ಒಂದು ಹುಂಜಕ್ಕಾಗಿ.

ಕ್ಯಾಲನೂರಿನಲ್ಲಿ ನನ್ನ ತವರಿನ ಹಿತ್ತಿಲಿಗೂ ಆಕೆಯ ಹಿತ್ತಿಲಿಗೂ ನಡುವೆ ಇರುವುದು ಕಲ್ಲುಚಪ್ಪಡಿ ನೆಟ್ಟ ಬೇಲಿ ಮಾತ್ರ. ಹಾಗಾಗಿ ಈ ಹುಂಜದ ಕಥೆಯನ್ನು ನಾನು ಮೊದಲಿನಿಂದ ಬಲ್ಲೆ. ಮೊಮ್ಮಗಳು ಮೇಘನ ದಿನ ತುಂಬುವ ಮೊದಲೇ ಹುಟ್ಟಿ ಕೋಲಾರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಕೂಸು ಮನೆಗೆ ಬಂದರೆ ಹುಂಜ ಕೊಡುತ್ತೇನೆಂದು ಆಂಜಿನಮ್ಮ ಹೊಲದ ಬದುವಿನ ಮುನೇಶ್ವರನಿಗೆ ಹರಕೆ ಹೊತ್ತಳು. ಕೂಸು ಬಂತು. ಅದರ ಹಿಂದೆಯೇ ಕೆಂಪು ಕೋಳಿಮರಿಯೊಂದೂ ಬಂತು. ದೇವರ ಮರಿಯನ್ನು ಬೆಕ್ಕು ಮುಂಗುಸಿಗೆ ಬಿಡುವುದುಂಟೆ? ಅದನ್ನು ಕೋಳಿಗಳ ಜೊತೆ ಸೇರಿಸದೆ, ತೊಟ್ಟಿಲ ಪಕ್ಕ ಬುಟ್ಟಿಯಲ್ಲಿಟ್ಟು, ಅಂಗೈಯಲ್ಲಿ ನುಚ್ಚು ತಿನ್ನಿಸಿ ಬೆಳೆಸಿದರು. ಕುಕ್ಕಿ ಬುದ್ಧಿ ಕಲಿಸುವ ಹೇಂಟೆಯಿಲ್ಲ, ಅಟ್ಟಿ ಮೂಲೆಗೆ ನಿಲ್ಲಿಸುವ ದೊಡ್ಡ ಹುಂಜವಿಲ್ಲ. ಅದು ಕಂಡದ್ದೆಲ್ಲ ಮನುಷ್ಯರನ್ನೇ.

ಆ ಮನುಷ್ಯರಲ್ಲಿ ಒಬ್ಬ ಕದಿರೇಶ, ಆಂಜಿನಮ್ಮನ ಮಗ, ಕೂಸಿನ ತಂದೆ. ಸಂಜೆ ಕೆಲಸದಿಂದ ಬಂದು ಜಗಲಿಯ ಮೇಲೆ ಕೂತು ಹುಂಜದ ಮುಂದೆ ಕಾಲು ಚಾಚಿ ಹೆಬ್ಬೆರಳು ಆಡಿಸುವನು. ಅದು ಕೊರಳ ಗರಿ ನಿಗುರಿಸಿ ಎಗರಿದರೆ ನಗುತ್ತ ಕಾಲು ಹಿಂದೆಳೆದುಕೊಳ್ಳುವನು. ಮನೆಯವರಿಗೆಲ್ಲ ಅದೊಂದು ತಮಾಷೆ. ಕಾಲಿನ ಹಿಂದೆ ಮುಳ್ಳು ಮೂಡುವ ಹೊತ್ತಿಗೆ ಹುಂಜ ಪಾಠ ಕಲಿತಿತ್ತು: ಮನುಷ್ಯರ ಕಾಲು ಇರುವುದು ತಾನು ಹೊಡೆಯುವುದಕ್ಕೆ, ಹೊಡೆದರೆ ಅದು ಹಿಂದೆ ಸರಿಯುತ್ತದೆ. ಕಲಿಸಿದವನು ಬೆಳಗಾದರೆ ಬೈಕು ಹತ್ತಿ ಹೋಗುತ್ತಾನೆ. ಅವನ ತಂದೆ ಸೊಣ್ಣಪ್ಪ ಟೀ ಅಂಗಡಿಯ ಬೆಂಚು ಹಿಡಿಯುತ್ತಾನೆ. ದಿನವಿಡೀ ಹಿತ್ತಿಲಿನಲ್ಲಿ ಓಡಾಡುವ ಕಾಲುಗಳು ಆಂಜಿನಮ್ಮನವು ಮಾತ್ರ.

ಆಕೆ ಓಡಿ ನೋಡಿದಳು. ಹುಂಜ ಅಟ್ಟಿಸಿಕೊಂಡು ಬಂತು. ಪೊರಕೆಯಿಂದ ಬಾರಿಸಿದಳು, ಮಾರನೆಯ ದಿನ ಇನ್ನೂ ರೋಷದಿಂದ ಬಂತು. ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಪಕ್ಕಕ್ಕೆ ಕುಣಿದರೆ, ಇಲ್ಲದ ಕಾಳನ್ನು ಕುಕ್ಕುವಂತೆ ನಟಿಸಿದರೆ, ಮುಂದಿನದು ಏಟೇ ಎಂದು ಮೀನಖಂಡದ ಗಾಯಗಳಿಂದ ತಿಳಿದುಕೊಂಡಳು. ಬೈಯುವುದು ತೆಲುಗಿನಲ್ಲಿ, ಬೇಡಿಕೊಳ್ಳುವುದು ಕನ್ನಡದಲ್ಲಿ. 'ಪೋರಾ, ಪೋ' ಎಂದು ಗದರಿದ ಬಾಯಲ್ಲೇ 'ನನ್ನಪ್ಪಾ, ಸ್ವಲ್ಪ ಜಾಗ ಬಿಡು' ಎನ್ನುವಳು. ನಮಗೇನೂ ಮಾಡಲ್ಲವಲ್ಲ, ನೀನೇ ಕೆಣಕಿರುತ್ತೀಯ ಎಂಬುದು ಗಂಡಸರ ತೀರ್ಪು.

ಕೂಸು ತೊಟ್ಟಿಲಲ್ಲಿ ಇರುವವರೆಗೆ ಆಕೆ ಇದನ್ನೆಲ್ಲ ನುಂಗಿಕೊಂಡಳು. ಆದರೆ ಮೇಘನ ನಡೆಯಲು ಕಲಿತಳು, ಮತ್ತು ಹುಂಜ ಎಗರುವ ಎತ್ತರಕ್ಕೆ ಸರಿಯಾಗಿ ಆ ಮಗುವಿನ ಕಣ್ಣುಗಳಿದ್ದವು. ಹುಂಜವನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಯಾವ ಜೀವಕ್ಕಾಗಿ ಹೊತ್ತ ಹರಕೆಯೋ ಆ ಜೀವಕ್ಕೇ ಕೇಡಾದೀತು ಎಂಬ ಅಂಜಿಕೆ. ಬೇಗ ಒಪ್ಪಿಸಿಬಿಡೋಣವೆಂದರೆ ದಾಯಾದಿಗಳೆಲ್ಲ ಸೇರದೆ ಮುನೇಶ್ವರನ ಪೂಜೆಯಿಲ್ಲ. ಸೊಣ್ಣಪ್ಪನಿಗೂ ಅವನ ಅಣ್ಣನಿಗೂ ಬೋರ್‌ವೆಲ್ಲಿನ ನೀರಿನ ಜಗಳದಲ್ಲಿ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಹರಕೆ ಹೊರುವುದಕ್ಕೆ ಹೆಂಗಸಾಗಬಹುದು, ದಿನ ಇಡುವುದಕ್ಕೂ ಕತ್ತಿ ಹಿಡಿಯುವುದಕ್ಕೂ ಗಂಡಸೇ ಆಗಬೇಕು. ಸೊಸೆ ಮುನಿಲಕ್ಷ್ಮಿ ನಸುಕಿನಲ್ಲೇ ಕಂಪನಿ ಬಸ್ಸು ಹತ್ತುವ ಮುಂಚೆ ಹೇಳುವುದು ಒಂದೇ ಮಾತು: 'ಪಾಪು ಹುಷಾರು ಅತ್ತೆ.' ಆಂಜಿನಮ್ಮ ಹಳೆಯ ಸೀರೆಯಿಂದ ಮಗುವಿನ ನಡುವನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಹಿತ್ತಿಲಿಗೆ ಇಳಿಯುವಳು. ಒಳಗೆ ಮಗು ಅತ್ತರೆ ಸಂಕಟ. ಅಳು ನಿಂತರೆ ಅದಕ್ಕಿಂತ ಸಂಕಟ.

ಒಂದು ಬೆಳಿಗ್ಗೆ ಅಳು ನಿಂತಿತು. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನಾನು ತಿರುಗಿ ನೋಡಿದರೆ, ಗಂಟು ಸಡಿಲವಾಗಿ ಮಗು ಹೊಸ್ತಿಲು ದಾಟಿ ಬಂದಿದೆ, ಕೈಯಲ್ಲಿ ಬಿಸ್ಕತ್ತಿನ ಚೂರು. ಎದುರಿಗೆ ಹುಂಜ, ಒಂದು ರೆಕ್ಕೆ ನೆಲಕ್ಕೆ. ಆಂಜಿನಮ್ಮ ಮೊರ ಬಿಸುಟು ಮಗುವಿನ ಮೇಲೆ ಬಿದ್ದಳು. ನಾನು ಬೇಲಿಯ ಸಂದಿನಿಂದ ನುಸುಳಿ ಓಡುವಷ್ಟರಲ್ಲಿ ಆಕೆಯ ಮುಂಗೈ ಸೀಳಿ ರಕ್ತ ಅಂಗಿಯ ತೋಳಿಗೆ ಇಳಿಯುತ್ತಿತ್ತು. ಮಗುವಿನ ಹುಬ್ಬಿನ ಮೇಲೆ ಒಂದು ಗೀರು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣು.

ಗದ್ದಲ ಕೇಳಿ ಬಂದ ಸೊಣ್ಣಪ್ಪ ಕೇಳಿದ್ದು ಇಷ್ಟೇ: 'ಮಗೂನ ಯಾಕೆ ಬಿಟ್ಟೆ ಆಚೆ?'

ಆಂಜಿನಮ್ಮ ಎದ್ದಳು. ಮತ್ತೆ ಎಗರಲು ಬಂದ ಹುಂಜವನ್ನು ನೆಲಕ್ಕೆ ಅದುಮಿ, ಎರಡು ರೆಕ್ಕೆಗಳನ್ನೂ ಮೈಗೆ ಒತ್ತಿ ಹಿಡಿದು, ಎಡಗಂಕುಳಿಗೆ ಸಿಕ್ಕಿಸಿಕೊಂಡಳು. ಬಲಗೈಯಿಂದ ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು. ಬೀದಿ ಕಾಣುವ ಜಗಲಿಗೆ ಹೋಗಿ ಕೂತಳು.

'ಮಗೂನ ಕೆಳಗೆ ಬಿಡಲ್ಲ. ಇದನ್ನೂ ಬಿಡಲ್ಲ. ನಿಮ್ಮಣ್ಣನ್ನ ಕರ್ಕೊಂಬಂದು ದಿನ ಇಡ್ಸೋವರ್ಗೂ ಎರಡೂ ನನ್ನ ಹತ್ರಾನೇ ಇರ್ತವೆ.'

ಸೊಣ್ಣಪ್ಪನಿಗೆ ಮೊದಲು ಅರ್ಥವಾಗಲಿಲ್ಲ. 'ಮುದ್ದೆ ಯಾರೇ ಮಾಡ್ತಾರೆ?'

'ಕೈ ಎಲ್ಲೈತೆ?' ಎಂದಳು ಆಂಜಿನಮ್ಮ.

ಒಲೆ ಹೊತ್ತಲಿಲ್ಲ. ಹಸು ಒದರಿತು. ಸೊಣ್ಣಪ್ಪ ಹಾಲು ಕರೆಯಲು ಕೂತರೆ ಅದು ಕಾಲು ಝಾಡಿಸಿತು. ಡೈರಿಯ ಹೊತ್ತು ಮೀರಿತು. ಜನ ಸೇರಿ ನಕ್ಕರು. ಹುಂಜಾನ ನೀನೇ ಇಟ್ಕೊಳ್ಳೋ ಸೊಣ್ಣ, ಅಡುಗೆಗೆ ಅವಳನ್ನ ಬಿಡು ಎಂದು ಯಾರೋ ಅಂದರು. ಅವನು ಕೈ ಚಾಚಿದ, ಹುಂಜ ಕತ್ತು ತಿರುಗಿಸಿ ನೋಡಿತು, ಅವನು ಕೈ ಹಿಂದೆಳೆದುಕೊಂಡ. ನಾನು ಆಕೆಯ ಗಾಯ ತೊಳೆದು ಬಟ್ಟೆ ಕಟ್ಟಿದೆ. ಇಂಜೆಕ್ಷನ್‌ಗೆ ಹೋಗೋಣವೆಂದರೆ, ದಿನ ಇಟ್ಟ ಮೇಲೆ ಎಂದಳು. ಆಶ್ಚರ್ಯವೆಂದರೆ, ಮೊದಮೊದಲು ಕೊಸರಾಡಿದ ಹುಂಜ ಹೊತ್ತು ಏರಿದಂತೆ ಹಟ ಬಿಟ್ಟು, ಕೊರಳು ಇಳಿಸಿ, ಅರೆಗಣ್ಣು ಮುಚ್ಚಿ ಆಕೆಯ ಪಕ್ಕೆಗೆ ಒರಗಿತ್ತು. ನಡುಗುತ್ತಿದ್ದವಳು ಆಕೆ. 'ತೋಳು ಸೋಲ್ತಾ ಐತೆ ಅಮ್ಮಣ್ಣಿ,' ಎಂದು ನನ್ನ ಕಿವಿಯಲ್ಲಿ ಹೇಳಿದಳು, 'ಎಲ್ಲಿ ಜಾರಿಬಿಡ್ತದೋ.' ಮಗುವನ್ನಾದರೂ ಕೊಡು ಎಂದು ಕೈ ಚಾಚಿದೆ. ಕೊಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹಸಿವು ತಾಳಲಾರದೆಯೋ ಊರವರ ನಗೆ ತಾಳಲಾರದೆಯೋ ಸೊಣ್ಣಪ್ಪ ಅಣ್ಣನ ಮನೆಯ ಕಡೆ ನಡೆದ. ಹಿಂತಿರುಗಿದಾಗ ಅಣ್ಣನೂ ಜೊತೆಗಿದ್ದ. ಆತ ಮಗುವಿನ ಹುಬ್ಬನ್ನು ನೋಡಿದ, ತಮ್ಮನ ಹೆಂಡತಿಯ ಮುಂಗೈ ನೋಡಿದ, ಬರುವ ಭಾನುವಾರ ಎಂದ. ಅಷ್ಟೇ ಕೆಲಸ. ಆ ಭಾನುವಾರ ಬರುವವರೆಗೆ ಹುಂಜ ಬಿದಿರುಬುಟ್ಟಿಯ, ಮಂಕರಿಯ, ಕೆಳಗಿತ್ತು, ಮಂಕರಿಯ ಮೇಲೆ ರುಬ್ಬುವ ಗುಂಡಿತ್ತು. ಆದರೂ ಒಳಗೆ ರೆಕ್ಕೆ ಬಡಿದಾಗಲೆಲ್ಲ ಆಕೆ ಕೆಲಸ ಬಿಟ್ಟು ಬಂದು ಗುಂಡನ್ನು ಮುಟ್ಟಿ ನೋಡುವಳು.

ಪೂಜೆಯ ದಿನ ಕತ್ತಿಯ ಕೆಲಸ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ಪುಕ್ಕ ಕಿತ್ತಿದ್ದು, ಸುಟ್ಟಿದ್ದು, ಖಾರ ಅರೆದದ್ದು, ಅಷ್ಟೂ ದಾಯಾದಿಗಳಿಗೆ ಮುದ್ದೆ ತಿರುವಿದ್ದು ಬಟ್ಟೆ ಕಟ್ಟಿದ ಕೈಯ ಆಂಜಿನಮ್ಮ ಮತ್ತು ಇದ್ದೊಂದು ರಜೆ ಕಳೆದುಕೊಂಡ ಮುನಿಲಕ್ಷ್ಮಿ. ಊಟ ಮುಗಿಸಿದ ಗಂಡಸರು ಕೈ ತೊಳೆಯುತ್ತ ಆಂಜಿನಮ್ಮನದು ಗಟ್ಟಿ ಗುಂಡಿಗೆ ಎಂದು ಹೊಗಳಿದರು. ಸೊಣ್ಣಪ್ಪನೂ ತಲೆಯಾಡಿಸಿದ.

ಆ ಹೊಗಳಿಕೆ ನನಗೆ ಇನ್ನೂ ಒಗ್ಗಿಲ್ಲ. ಜಗಲಿಯ ಮೇಲೆ ಆಕೆಯ ಪಕ್ಕ ಕೂತಿದ್ದವಳು ನಾನು. ಇಂಥ ಹೆಂಗಸರು ಯಾವ ಬೀದಿಯಲ್ಲೂ ಇರುತ್ತಾರೆ. ಮನೆಯವರೆಲ್ಲರ ಪಾಲಿನ ಹೆದರಿಕೆಯನ್ನೂ ತಾವೇ ಹೆದರಿ, ಉಳಿದವರನ್ನು ನಿಶ್ಚಿಂತರಾಗಿ ಇಡುತ್ತಾರೆ. ಅವರನ್ನು ಧೈರ್ಯಸ್ಥೆಯರು ಎಂದು ಕರೆದುಬಿಟ್ಟರೆ ಆಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ. ನೀರಿನಲ್ಲಿ, ನೆಲದಲ್ಲಿ, ದೇವರ ಪ್ರಸಾದದಲ್ಲಿ ತಮ್ಮ ಪಾಲು ಕೇಳಿ ಬಂದ ದಾಯಾದಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಈ ಭಯದಲ್ಲಿ ಪಾಲು ಕೇಳಿದ ಒಬ್ಬನನ್ನೂ ಇದುವರೆಗೆ ಕಂಡಿಲ್ಲ.